ಅಪ್‌ಡೇಟ್: ಆ ಲೋಳೆ ಸ್ರಾವ ಸೋಂಕಲ್ಲವಂತೆ

ಎರಡು ಮುಟ್ಟಿನ ನಡುವೆ ಲೋಳೆಯಂಥ ಸ್ರಾವ ಬರುತ್ತದೆ, ಇದು ಸೋಂಕಾ ಅಂತ ಕೇಳಿದ್ದೆ ಅಲ್ವಾ? ಡಾಕ್ಟರ್ ಹತ್ತಿರ ಹೋಗಿ ಬಂದೆ. ಸೋಂಕಲ್ಲ.

ಅಂಡ ಬಿಡುಗಡೆಗೆ ಮುಂಚೆ ಈಸ್ಟ್ರೋಜನ್ ಎಂಬ ಹಾರ್ಮೋನ್ ಏರುತ್ತದೆ. ಆಗ ಗರ್ಭಕಂಠದಿಂದ ತೆಳುವಾದ ಲೋಳೆ ಬರುತ್ತದೆ. ಬೆರಳಲ್ಲಿ ಹಿಡಿದು ಎಳೆದರೆ ಹಸಿ ಮೊಟ್ಟೆಯ ಬಿಳಿಯ ಹಾಗೆ ಉದ್ದಕ್ಕೆ ಬರುತ್ತದೆ, ಬೇಗ ತುಂಡಾಗುವುದಿಲ್ಲ. ವೀರ್ಯಾಣು ಇದರಲ್ಲಿ ಸುಲಭವಾಗಿ ಈಜುತ್ತದೆ, 5 ದಿನದವರೆಗೂ ಬದುಕಿರಬಹುದು. ಅಂಡದ ಆಯಸ್ಸು ಮಾತ್ರ ಹೆಚ್ಚೆಂದರೆ ಒಂದು ದಿನ! ಅಂಡ ಬಿಟ್ಟ ಮೇಲೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನಿನ ಸರದಿ. ಲೋಳೆ ಗಟ್ಟಿಯಾಗಿ ಅಂಟಂಟಾಗುತ್ತದೆ.

ಕೆಲವರು ಮುಟ್ಟು ಶುರುವಾದ ದಿನದಿಂದ ಎಣಿಸಿ 14ನೇ ದಿನವೇ ಅಂಡ ಬಿಡುಗಡೆ ಅಂದಿದ್ದಿರಿ. ಅದು 28 ದಿನದ ಮುಟ್ಟಿನ ಚಕ್ರದ ಲೆಕ್ಕ, ಅಂಥ ಚಕ್ರ ಇರುವವರಿಗೂ ಅದೇ ದಿನ ಆಗಬೇಕು ಅಂತಿಲ್ಲ. ಅಂಡ ಬಿಟ್ಟ ಮೇಲಿನ ಅವಧಿ ಹೆಚ್ಚಿನವರಲ್ಲಿ 12ರಿಂದ 14 ದಿನ. ಜಾಸ್ತಿ ಏರುಪೇರಾಗುವುದು ಅದಕ್ಕಿಂತ ಮುಂಚಿನ ಭಾಗ. ನನ್ನ ಚಕ್ರ 35 ದಿನದ ಆಸುಪಾಸು, ಹಾಗಾಗಿ ಅಂಡ ಬಿಡುಗಡೆ 21ನೇ ದಿನದ ಸುಮಾರಿಗೆ. ಮುಟ್ಟಿನ ದಿನ ಲೆಕ್ಕ ಹಾಕುವ ಫೋನಿನ ಆಪ್ ಸುಮ್ನೆ ಸರಾಸರಿ ಹೇಳುತ್ತಿತ್ತು. ಗರ್ಭ ಬೇಡ ಅನ್ನುವವರು ಅದನ್ನೇ ನಂಬಿ ಕೂರಬೇಡಿ.

ಒಳಗೆ ಸೋಪು ಹಾಕಿ ತೊಳೆಯಿರಿ ಎಂದವರಿಗೆ: ಬೇಡವೇ ಬೇಡವಂತೆ. ಯೋನಿಯಲ್ಲಿರುವ ಒಳ್ಳೆ ಬ್ಯಾಕ್ಟೀರಿಯಾಗಳಿಗೆ ಅದರಿಂದ ತೊಂದರೆ. ತುರಿಕೆ, ಉರಿ, ಕೆಟ್ಟ ವಾಸನೆ, ಹಸಿರು ಬಣ್ಣ ಇದ್ದರೆ ಪರೀಕ್ಷೆ ಮಾಡಿಸಲೇಬೇಕು ಎಂದರು.