ಅಡುಗೆಮನೆ ಒಡೆಸುವಾಗ ಸಾಮಾನೆಲ್ಲ ಎಲ್ಲಿಡೋದು?

ಪ್ರಶ್ನೆ: ಸರ್, ನಮಸ್ಕಾರ. ಮೈಸೂರಿನಲ್ಲಿ ನಮ್ಮದು ಹಳೇ ಮನೆ. ಅಡುಗೆ ಕಟ್ಟೆ ಒಡೆಸಿ ಹೊಸ ಗ್ರಾನೈಟ್, ಟೈಲ್ಸ್, ಕಬೋರ್ಡ್ ಹಾಕಿಸುತ್ತಿದ್ದೇವೆ. ಒಂದು ತಿಂಗಳಾದರೂ ಬೇಕು ಅಂತಾರೆ ಮೇಸ್ತ್ರಿ. ಅತ್ತೆಗೆ ಶುಗರ್ ಇದೆ, ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಸಾಮಾನೆಲ್ಲ ಹಾಲ್‌ಗೆ ತಂದಿಟ್ಟುಕೊಂಡರೆ ಸಾಕಲ್ವಾ?

ಉತ್ತರ (ಮನೆ ರಿಪೇರಿ ಗುತ್ತಿಗೆದಾರರು): ಎಲ್ಲವನ್ನೂ ಹಾಲ್‌ಗೆ ತರಬೇಡಿ ಮೇಡಂ. ಎರಡೇ ದಿನಕ್ಕೆ ಓಡಾಡಲೂ ಜಾಗ ಇರುವುದಿಲ್ಲ, ಬೇಕಾದ ಡಬ್ಬಿ ಕೈಗೂ ಸಿಗುವುದಿಲ್ಲ. ಆ ತಿಂಗಳು ಏನೇನು ಅಡುಗೆ ಮಾಡುತ್ತೀರಿ ಅಂತ ಮೊದಲು ಯೋಚಿಸಿ. ಅನ್ನ, ಸಾರು, ಒಂದು ಪಲ್ಯ, ಬೆಳಿಗ್ಗೆ ಉಪ್ಪಿಟ್ಟೋ ರಾಗಿ ರೊಟ್ಟಿಯೋ. ಇಷ್ಟಕ್ಕೆ ಒಂದು ಕುಕ್ಕರ್, ಬಾಣಲೆ, ಕಾವಲಿ, ಒಗ್ಗರಣೆ ಸೌಟು, ಮಿಕ್ಸಿ, ಮಸಾಲೆ ಡಬ್ಬಿ ಸಾಕು. ತಟ್ಟೆ ಲೋಟ ತಲೆಗೊಂದು. ಉಳಿದದ್ದನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಟೇಪ್ ಹಾಕಿ, ರೂಮಿನ ಸಜ್ಜದ ಮೇಲೆ ಇಟ್ಟುಬಿಡಿ. ಪೆಟ್ಟಿಗೆ ಮೇಲೆ ಹೊಸ ಅಡುಗೆಮನೆಯಲ್ಲಿ ಅದು ಎಲ್ಲಿಗೆ ಹೋಗಬೇಕು ಅಂತ ಬರೆಯಿರಿ: ‘ಒಲೆ ಕೆಳಗಿನ ಡ್ರಾಯರ್’, ‘ಸಿಂಕ್ ಪಕ್ಕ’. ವಾಪಸ್ ಜೋಡಿಸುವಾಗ ಅರ್ಧ ಕೆಲಸ ಕಡಿಮೆಯಾಗುತ್ತದೆ. ಬೇಳೆ, ರವೆ ಈಗಿನಿಂದಲೇ ಖಾಲಿ ಮಾಡುತ್ತಾ ಬನ್ನಿ.

ಒಲೆಯ ವಿಷಯಕ್ಕೆ ಜಾಸ್ತಿ ಗಮನ ಕೊಡಿ. ಇಂಡಕ್ಷನ್ ಆದರೆ 2000 ವ್ಯಾಟ್‌ನದು ಹೆಚ್ಚುಕಡಿಮೆ 9 ಆಂಪ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ 6 ಆಂಪ್ ಪಾಯಿಂಟ್‌ಗೆ, ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಹಾಕಲೇಬೇಡಿ. 16 ಆಂಪ್ ಪಾಯಿಂಟ್ ಎಲ್ಲಿದೆಯೋ ಅಲ್ಲೇ ಮೇಜು ಹಾಕಿ. ನಿಮ್ಮ ಕುಕ್ಕರ್ ತಳಕ್ಕೆ ಅಯಸ್ಕಾಂತ ಅಂಟುತ್ತದಾ ಈಗಲೇ ನೋಡಿ. ಅಂಟದಿದ್ದರೆ ಅದು ಇಂಡಕ್ಷನ್‌ಗೆ ಆಗುವುದಿಲ್ಲ. ಗ್ಯಾಸ್ ಆದರೆ ಗಾಳಿಯಾಡುವ ಜಾಗ ಬೇಕು. ಸಿಲಿಂಡರ್ ನೆಟ್ಟಗಿರಲಿ, ಒಲೆ ಅದಕ್ಕಿಂತ ಎತ್ತರದಲ್ಲಿರಲಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ನಿಲ್ಲುತ್ತದೆ. ಅದಕ್ಕೇ ನೆಲದಲ್ಲಿ ಒಲೆ ಇಟ್ಟು ಅಡುಗೆ ಮಾಡಬೇಡಿ.

ಪ್ರಶ್ನೆ: ಪಾತ್ರೆ ತೊಳೆಯೋಕೆ ಹಿಂದಿನ ಯುಟಿಲಿಟಿ ಇದೆ ಸರ್. ಧೂಳಿಗೆ ಏನು ಮಾಡೋದು?

ಉತ್ತರ: ಕಲ್ಲು, ಟೈಲ್ಸ್ ಕಟಿಂಗ್ ಮನೆ ಹೊರಗೇ ಆಗಲಿ, ನೀರು ಬಿಟ್ಟುಕೊಂಡು ಕತ್ತರಿಸಲಿ. ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಅತ್ತೆಯವರಿಗಷ್ಟೇ ಅಲ್ಲ, ಕೆಲಸದ ಹುಡುಗರಿಗೂ. ಅವರು ಮಾಸ್ಕ್ ಹಾಕುವಂತೆ ನೋಡಿಕೊಳ್ಳಿ. ಅಡುಗೆಮನೆ ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಹಾಳೆ, ಸುತ್ತ ಟೇಪ್. ಫ್ರಿಜ್ಜನ್ನು ಹಾಲ್‌ಗೆ ತನ್ನಿ, ಆದರೆ ಓಡುತ್ತಿರುವಾಗ ಪ್ಲಾಸ್ಟಿಕ್ ಹೊದಿಸಬೇಡಿ, ಬಿಸಿ ಹೊರಗೆ ಹೋಗಬೇಕು.

ಯುಟಿಲಿಟಿ ಇದೆ ಅಂದಿರಲ್ಲ, ಅಲ್ಲೇ ಹುಷಾರಾಗಿರಬೇಕು. ಗಾರೆಯವರು ಸಂಜೆ ಬಾಂಡ್ಲಿ, ಕರಣೆ ಎಲ್ಲ ಅಲ್ಲೇ ತೊಳೆಯುತ್ತಾರೆ. ಸಿಮೆಂಟ್ ನೀರು ಪೈಪಿನೊಳಗೆ ಹೋಗಿ ಗಟ್ಟಿಯಾದರೆ ಆಮೇಲೆ ನೆಲ ಒಡೆಯದೆ ಬೇರೆ ದಾರಿ ಇಲ್ಲ. ಮೊದಲ ದಿನವೇ ಅಂಗಳದಲ್ಲಿ ಒಂದು ಹಳೇ ಡ್ರಮ್ ತೋರಿಸಿ ‘ತೊಳೆಯೋದೆಲ್ಲ ಇಲ್ಲೇ’ ಅಂತ ಹೇಳಿಬಿಡಿ.

ಪ್ರಶ್ನೆ: ಗ್ರಾನೈಟ್ ಕೂರಿಸಿದ ಮೇಲೆ ಸಾಮಾನು ಒಳಗೆ ತರಬಹುದಾ?

ಉತ್ತರ: ಆತುರ ಬೇಡ. ಕಟ್ಟೆಯ ಸಿಮೆಂಟ್ ಒಂದು ವಾರವಾದರೂ ಗಟ್ಟಿಯಾಗಲಿ, ಭಾರ ಇಡಬೇಡಿ. ಆಮೇಲೂ ಕಬೋರ್ಡ್, ಚಿಮಣಿಗೆ ಡ್ರಿಲ್ ಮಾಡುವುದು ಇರುತ್ತದೆ, ಮತ್ತೆ ಧೂಳು. ಕೊನೆಯ ಡ್ರಿಲ್ ಮುಗಿದು, ಎರಡು ಸಲ ಒರೆಸಿದ ಮೇಲೆ ಪೆಟ್ಟಿಗೆ ಬಿಚ್ಚಿ. ಇನ್ನೊಂದು, ಒಡೆಯುವ ದಿನ ನೀರಿನ ಲೈನ್ ಬಂದ್ ಮಾಡುತ್ತಾರೆ. ಹಿಂದಿನ ರಾತ್ರಿಯೇ ಕುಡಿಯುವ ನೀರು ತುಂಬಿಸಿಕೊಳ್ಳಿ, ಅತ್ತೆಯವರ ತಿಂಡಿಯನ್ನು ಕೆಲಸದವರು ಬರುವ ಮೊದಲೇ ಮುಗಿಸಿಬಿಡಿ.