ಅಪ್‌ಡೇಟ್: ಆಗುಂಬೆ ಘಾಟಿಯ ಚಳಿಗೆ ಸೈಕಲ್ ಉಡುಪು

ಜನವರಿಯ ನಸುಕಿನಲ್ಲಿ ಉಡುಪಿಯಿಂದ ಹೆಬ್ರಿ, ಸೋಮೇಶ್ವರ ಮಾರ್ಗವಾಗಿ ಆಗುಂಬೆಗೆ ಸೈಕಲ್ ತುಳಿಯಲು ಯಾವ ಉಡುಪು ತಕ್ಕದ್ದೆಂದು ಕೇಳಿದ್ದೆ. ಒಂದೇ ದಪ್ಪ ಜಾಕೆಟ್ಟಿನ ಬದಲು ತೆಳುವಾದ ಪದರಗಳನ್ನು ಧರಿಸಿರೆಂಬ ಸಲಹೆಯನ್ನೇ ಅನುಸರಿಸಿದೆ. ಹತ್ತಿಯ ಬನಿಯನ್ ಬೆವರು ಹೀರಿ ಒದ್ದೆಯಾಗಿಯೇ ಉಳಿಯುವುದರಿಂದ, ಒಳಗೆ ಮೈಗಂಟುವ ಪಾಲಿಯೆಸ್ಟರ್ ಅಂಗಿಯನ್ನೂ ಅದರ ಮೇಲೆ ಜೆರ್ಸಿಯನ್ನೂ, ಬೇಕಾದಾಗ ಕಳಚಬಹುದಾದ ಆರ್ಮ್ ವಾರ್ಮರನ್ನೂ (ತೋಳಿಗೆ ಬೇರೆಯಾಗಿ ತೊಡುವ ಬೆಚ್ಚನೆಯ ತೋಳು) ಆರಿಸಿಕೊಂಡೆ. ಹೆಬ್ರಿ ತಲುಪುವ ಮುನ್ನವೇ ಆರ್ಮ್ ವಾರ್ಮರ್ ಜೇಬು ಸೇರಿತು.

ಏರುವಾಗ ಮೈ ತಾನಾಗಿ ಬಿಸಿಯಾಗುತ್ತದೆ. ನಿಜವಾದ ಚಳಿ ಇರುವುದು ಇಳಿಜಾರಿನಲ್ಲಿ, ಏಕೆಂದರೆ ಅಲ್ಲಿ ತುಳಿಯುವ ಶ್ರಮವಿಲ್ಲದೆ, ಬೆವರಿನಿಂದ ಒದ್ದೆಯಾದ ಬಟ್ಟೆಯ ಮೇಲೆ ಗಾಳಿ ರಭಸವಾಗಿ ಬೀಸುತ್ತದೆ. ಎದೆಗೆ ಗಾಳಿ ತಡೆಯುವ ತೋಳಿಲ್ಲದ ಜಾಕೆಟ್ ಸಾಕಾಯಿತು. (ಯುರೋಪಿನ ಹಳೆಯ ರೇಸುಗಾರರು ಘಟ್ಟ ಇಳಿಯುವ ಮುನ್ನ ಜೆರ್ಸಿಯೊಳಗೆ ದಿನಪತ್ರಿಕೆ ತುರುಕಿಕೊಳ್ಳುತ್ತಿದ್ದುದೂ ಇದಕ್ಕಾಗಿಯೇ.) ಕೆಲವರು ಸೂಚಿಸಿದ್ದ ಉಣ್ಣೆಯ ಒಳಪದರ ನಮ್ಮ ಕಡೆಯ ಚಳಿಗೆ ಅತಿಯಾಯಿತೆಂದೇ ನನ್ನ ಅಭಿಪ್ರಾಯ, ಪೂರ್ಣ ಬೆರಳಿನ ಕೈಗವಸನ್ನು ಮಾತ್ರ ಬಿಡಬಾರದು, ತಿರುವುಗಳಲ್ಲಿ ಬ್ರೇಕ್ ಹಿಡಿಯುವ ಬೆರಳುಗಳೇ ಮೊದಲು ಮರಗಟ್ಟುತ್ತವೆ.