ಓದುಗರ ಸ್ಪಂದನ: ಮೊದಲು ರಾತ್ರಿ ಪಾಳಿ ಬಿಡಿಸಿ

ಸಮಸ್ಯೆ: ಬೆಳಗಾವಿಯ ಉದ್ಯಮಬಾಗದ ಮಷಿನ್ ಶಾಪಿನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಬೈಪೋಲಾರ್ ಕಾಯಿಲೆಗೆ (ಮನಸ್ಸು ಉನ್ಮಾದಕ್ಕೂ ಖಿನ್ನತೆಗೂ ತೂಗಾಡುವುದು) ಚಿಕಿತ್ಸೆ ಪಡೆದ ಲೇತ್ ಆಪರೇಟರ್ ಮುಂದಿನ ವಾರ ಕೆಲಸಕ್ಕೆ ಬರುತ್ತಿದ್ದಾರೆ. ಕಾಯಿಲೆಯ ವಿಷಯ ಅವರೇ ನನಗೆ ಹೇಳಿದ್ದು. ನಾನು ಹೇಗೆ ನಡೆದುಕೊಳ್ಳಲಿ?

ಮನೋರೋಗ ವಿಭಾಗದ ಶುಶ್ರೂಷಕಿ, ವಿಜಯಪುರ:
ಎಲ್ಲಕ್ಕಿಂತ ಮೊದಲು ಪಾಳಿ ನೋಡಿ. ಈ ಕಾಯಿಲೆಯಲ್ಲಿ ನಿದ್ದೆ ಕೆಟ್ಟರೆ ಉನ್ಮಾದ ಮರುಕಳಿಸಬಹುದು. ವಾರಕ್ಕೊಮ್ಮೆ ಪಾಳಿ ತಿರುಗಿಸಿದರೆ ತಪ್ಪದೆ ಮಾತ್ರೆ ನುಂಗುವವರೂ ಮತ್ತೆ ಕಾಯಿಲೆ ಬೀಳಬಹುದು. ಸದ್ಯ ಹಗಲು ಪಾಳಿ ಮಾತ್ರ ಕೊಡಿ, ಅದೂ ನಸುಕಿನ ಆರರದ್ದು ಬೇಡ. ರಾತ್ರಿ ತೊಗೊಂಡ ಕ್ವೆಟಿಯಾಪಿನ್, ಒಲಾಂಜಪಿನ್‌ನಂಥ ಮಾತ್ರೆಯ ಮಂಪರು ಬೆಳಗ್ಗೆಯೂ ಉಳಿದಿರುತ್ತದೆ. ಮೊದಲೆರಡು ವಾರ ದಿನಕ್ಕೆ 4 ತಾಸು, ಇನ್ನೆರಡು ವಾರ 6, ಐದನೇ ವಾರದಿಂದ 8. ಓವರ್‌ಟೈಮ್ ಬೇಡವೇ ಬೇಡ. ಶುರುವಿಗೆ ಗೇಜ್ ಹಿಡಿದು ಅಳತೆ ನೋಡುವ ಕೆಲಸ ಒಳ್ಳೆಯದು. ಲೇತ್‌ಗೆ ಮರಳುವುದು ವೈದ್ಯರ ಚೀಟಿ ಬಂದ ಮೇಲೆ. ಅದರಲ್ಲಿ ಕಾಯಿಲೆಯ ಹೆಸರು ಬೇಕಿಲ್ಲ. ತಿರುಗುವ ಯಂತ್ರ ನಡೆಸಬಹುದೇ, ದಿನಕ್ಕೆಷ್ಟು ತಾಸು, ರಾತ್ರಿ ಪಾಳಿ ಆಗುತ್ತದೆಯೇ, ಇಷ್ಟಿದ್ದರೆ ಸಾಕು.

ಯಾವ ಮಾತ್ರೆ ಎಂದು ನೀವು ಕೇಳಬೇಡಿ. ಆದರೆ ಅವರಾಗಿಯೇ ಲಿಥಿಯಂ ಎಂದರೆ ಒಂದು ಮಾತು ನೆನಪಿಡಿ: ಬೆವರಿ ಮೈಯ ನೀರು, ಉಪ್ಪು ಇಳಿದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಏಪ್ರಿಲ್, ಮೇ ಬಿಸಿಲಿನಲ್ಲಿ ಕುಡಿಯುವ ನೀರು ಅವರ ಕೈಗೆಟಕುವಂತಿರಲಿ. ಫಸ್ಟ್ ಏಡ್ ಡಬ್ಬಿಯಿಂದ ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಟ್ಟರೂ ಅದೇ ಅಪಾಯ. ಕೈ ಜೋರಾಗಿ ನಡುಗಿ, ವಾಂತಿ-ಭೇದಿಯಾಗಿ, ಮಾತು ತೊದಲಿ, ನಡಿಗೆ ತೂರಾಡಿದರೆ ಕುಡಿದಿದ್ದಾರೆಂದು ಗೇಟಿನಿಂದ ಮನೆಗೆ ಕಳಿಸಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಕಾರ್ಮಿಕ ಸಂಘದ ಕಾರ್ಯಕರ್ತ, ಬಾಗಲಕೋಟೆ:
ಮೇಲಿನ ಲೆಕ್ಕವೆಲ್ಲ ಸರಿ, ಆದರೆ ಅದು ಕೆಡುವುದು ಪಗಾರದ ಹತ್ತಿರ. ಅರ್ಧ ದಿನಕ್ಕೆ ಅರ್ಧ ಪಗಾರ ಎಂದಾದರೆ ಎರಡನೇ ವಾರವೇ ‘ನಾ ಆರಾಮ ಅದೀನ್ರಿ’ ಅಂತ ಪೂರ್ತಿ ಪಾಳಿ ಕೇಳುತ್ತಾರೆ. ಆ ನಾಲ್ಕು ವಾರಕ್ಕೆ ಎಷ್ಟು ಕೊಡುತ್ತೀರಿ ಎಂಬುದನ್ನು ಮಾಲೀಕರಿಂದ ಮೊದಲೇ ಬರೆಸಿಕೊಳ್ಳಿ. ಇಎಸ್‌ಐ (ಕಾರ್ಮಿಕರ ವಿಮೆ) ಇದ್ದು, ಇನ್ನೂ ಪೂರ್ತಿ ಗುಣವಾಗಿಲ್ಲ ಎಂದು ವೈದ್ಯರು ಹೇಳಿದರೆ ಅವಸರ ಬೇಡ. ವಂತಿಗೆಯ ಷರತ್ತು ಪೂರೈಸಿದವರಿಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ 70 ಶೇಕಡಾ ಸಿಗುತ್ತದೆ. ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ತೀವ್ರ ಮನೋರೋಗ) ಇಎಸ್‌ಐನ ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿದೆ, ಅದಕ್ಕೆ 80 ಶೇಕಡಾದ ವಿಸ್ತರಿತ ಸೌಲಭ್ಯವೂ ಉಂಟು. ತಪಾಸಣೆಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗುವವರಾದರೆ ಒಂದಿಡೀ ದಿನ ಹಿಡಿಯುತ್ತದೆ. ಆ ದಿನವನ್ನು ಗೈರು ಎಂದು ಬರೆಯಬೇಡಿ. ಹಾಗೆ ಬರೆದರೆ ಎರಡು ಸಲ ಹೋಗಿ ಮೂರನೇ ಸಲ ಬಿಡುತ್ತಾರೆ, ಮಾತ್ರೆಯೂ ಅಲ್ಲಿಗೇ ನಿಲ್ಲುತ್ತದೆ.

ಆಪ್ತಸಮಾಲೋಚಕಿ, ಬೆಳಗಾವಿ:
ಉಳಿದ ಕೆಲಸಗಾರರಿಗೆ ಏನು ಹೇಳಬೇಕೆಂಬುದನ್ನು ಅವರೇ ತೀರ್ಮಾನಿಸಲಿ. ‘ಆರಾಮ ಇರಲಿಲ್ಲ, ಈಗ ಅದೀನಿ’ ಎಂಬಷ್ಟಕ್ಕೆ ನಿಲ್ಲಿಸುವುದಾದರೆ ನೀವೂ ಅಷ್ಟೇ ಹೇಳಿ. ಹಾರ ಹಾಕಿ ಸ್ವಾಗತಿಸುವುದು ಬೇಡ, ಎಲ್ಲರ ಕಣ್ಣೂ ಅವರ ಮೇಲೆಯೇ ಬೀಳುತ್ತವೆ. ಎಂದಿನಂತೆ ಚಹಾಕ್ಕೆ ಕರೆಯಿರಿ.

ಕಾಯಿಲೆ ಮತ್ತೆ ಏರುವಾಗ ತಮ್ಮಲ್ಲಿ ಏನು ಕಾಣುತ್ತದೆ, ಆಗ ಯಾರಿಗೆ ಫೋನ್ ಮಾಡಬೇಕು ಎಂದು ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಮೂರ್ನಾಲ್ಕು ತಾಸು ಮಲಗಿಯೂ ದಣಿವಿಲ್ಲದಿರುವುದು, ಮಾತಿನ ವೇಗ, ಕೈಬಿಚ್ಚಿ ಸಾಲ ಕೊಡುವುದು ಮೊದಲು ಕಾಣುತ್ತವೆ. ಒಂದು ದಿನ ನಕ್ಕರೆ, ಒಂದು ದಿನ ರೇಗಿದರೆ ಅದು ಕಾಯಿಲೆಯಲ್ಲ. ಹಲವು ಲಕ್ಷಣ ಕೂಡಿ ಎರಡು ದಿನ ಉಳಿದರೆ ಅವರು ಹೇಳಿದ ವ್ಯಕ್ತಿಗೆ ತಿಳಿಸಿ. ನಿಮಗೇ ಗೊಂದಲವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ದಿನದ 24 ತಾಸೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.